ಮಬ್ಬಿನಲ್ಲಿ ಕಾಣದ ಬಿಳಿ ಕುದುರೆಗಳು

ಅಮೆರಿಕದ ಮೂಲನಿವಾಸಿಗಳ ಲ್ಯಾಪ್‌ವಾಯ್ ಕಣಿವೆಯಲ್ಲಿ ವಿಯೋಲಾಳಷ್ಟು ಕುದುರೆ ಬಲ್ಲವರೂ ಇರಲಿಲ್ಲ, ಅವಳಷ್ಟು ಕಲ್ಲುಮನಸ್ಸಿನವರೂ ಇರಲಿಲ್ಲ. ಹುಟ್ಟಿದ ಮರಿಯ ಮೈ ಒಣಗುವ ಮುಂಚೆಯೇ ಅದರ ಹಣೆಬರಹ ಹೇಳಿಬಿಡುತ್ತಿದ್ದಳು. ಮೈಮೇಲೆ ಚುಕ್ಕೆ ಮೂಡುವ ಗುಣ ಇದ್ದರೆ ಹುಲ್ಲುಗಾವಲು, ಇಲ್ಲದಿದ್ದರೆ ಹಾಲು ಬಿಟ್ಟ ಮೇಲೆ ಮಾಂಸದ ಲಾರಿ. ಲಾರಿ ಬರುವ ದಿನ ಅವಳ ಗಂಡ ರೂಬೆನ್ ಬಲೆ ಹೆಗಲಿಗೆ ಹಾಕಿಕೊಂಡು ಮೀನು ಹಿಡಿಯಲು ಹೊರಟುಬಿಡುತ್ತಿದ್ದ.

"ನಮ್ಮ ಹಿರಿಯರೂ ಹಿಂಗೇ ಆರಿಸ್ತಿದ್ರು. ಬೇಡದ ಗಂಡಿನ ಬೀಜ ತೆಗೀತಿದ್ರು, ಬೇಡದ ಹೆಣ್ಣನ್ನ ಬೇರೆ ಜನಕ್ಕೆ ದಾಟಿಸ್ತಿದ್ರು," ಎನ್ನುತ್ತಿದ್ದಳು.

"ದಾಟಿಸ್ತಿದ್ರು ಕಣೇ. ಕೊಯ್ಯಕ್ಕೆ ಕಳಿಸ್ತಿರ್ಲಿಲ್ಲ."

"ಹೋಗು, ಹಿಡಿದ ಮೀನಿಗೂ ಅತ್ಕೊಂಡು ಬಾ."

ಒಂದು ವಸಂತದಲ್ಲಿ ಚುಕ್ಕೆ ಹೆಣ್ಣಿಗೆ ಚುಕ್ಕೆ ಗಂಡಿನಿಂದಲೇ ಒಂದು ಬಿಳಿ ಗಂಡುಮರಿ ಹುಟ್ಟಿತು. ಬೆನ್ನ ಮೇಲೆ ಹುಡುಕಿದರೂ ಒಂದು ಮಚ್ಚೆ ಸಿಗದು. ಮರುವರ್ಷ ಅದರ ಬೀಜ ತೆಗೆಯಲು ಗಂಡಸರು ಕೊಟ್ಟಿಗೆ ಬಳಿ ಸೇರಿದಾಗ ರೂಬೆನ್‌ನ ತಂಗಿ ಮರ್ಟಲ್ ನಕ್ಕಳು. "ಅತ್ತಿಗೆ, ಇದು ಕುದುರೇನಾ, ಮೇಕೇನಾ?"

ವಿಯೋಲಾ ಮರಿಯ ತುಟಿ ಎತ್ತಿ ತೋರಿಸಿದಳು. ತುಟಿಯ ಚರ್ಮದ ಮೇಲೆ ಕಪ್ಪು, ನಸುಗೆಂಪು ಚಿತ್ತಾರ. ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ. ಗೊರಸಿಗೆ ಉದ್ದುದ್ದ ಪಟ್ಟೆ. "ಇದಕ್ಕೆ ಚುಕ್ಕೆ ಇಲ್ಲ ಅಂತಲ್ಲ. ಅಪ್ಪನ ಪಾಲು, ಅಮ್ಮನ ಪಾಲು ಎರಡೂ ಬಿದ್ದು ತುಂಬಿ ತುಳುಕಿದೆ. ಯಾರಾದ್ರೂ ಚಾಕು ತಾಗಿಸಿದ್ರೆ ಅದೇ ಚಾಕು ಅವರಿಗೆ."

ಅವಳ ಮಾತು ಸುಳ್ಳಾಗಲಿಲ್ಲ. ಬಿಳಿಯ ಎಂದೇ ಕರೆಸಿಕೊಂಡ ಆ ಮರಿ ಬೆಳೆದ ಮೇಲೆ, ಚುಕ್ಕೆಯೇ ಇಲ್ಲದ ಬೋಳು ಹೆಣ್ಣಿನ ಜೊತೆ ಬಿಟ್ಟರೂ ಚುಕ್ಕೆಯ ಮರಿಯೇ. ದೂರದೂರಿನವರು ವಿಯೋಲಾಳ ಹೆಸರು ಕೇಳಿಕೊಂಡು ಬರತೊಡಗಿದರು. ಆ ಹೆಸರೇ ಅವಳ ತಲೆಗೇರಿತು. ಒಬ್ಬ ಬಿಳಿಯನಿಂದ ಇಷ್ಟಾದರೆ ಹಿಂಡಿಗೆ ಹಿಂಡೇ ಬಿಳಿಯಾದರೆ? ಸವಾರಿಗೆಂದು ಉಳಿಸಿಕೊಂಡಿದ್ದ ಬೋಳು ಹೆಣ್ಣುಗಳನ್ನೆಲ್ಲ ಲಾರಿಗೆ ಹತ್ತಿಸಿದಳು. ರೂಬೆನ್ ಸವಾರಿ ಮಾಡುತ್ತಿದ್ದ ಕಂದು ಕುದುರೆಯೂ ಹೋಯಿತು. ಅವನು ಬೇಡಿಕೊಂಡ. ಅವಳು ಹಗ್ಗ ಬಿಗಿದಳು.

ಚುಕ್ಕೆ ಹೆಣ್ಣುಗಳಿಗೆ ಬಿಳಿಯನನ್ನು ಬಿಟ್ಟ ಮೇಲೆ ಅರ್ಧಕ್ಕರ್ಧ ಮರಿಗಳು ಬಿಳಿಯಾಗಿ ಹುಟ್ಟಿದವು. ಹಗಲೆಲ್ಲ ಚಿಗರೆಯಂತೆ ಓಡುವ ಈ ಮರಿಗಳು ಹೊತ್ತು ಮುಳುಗುತ್ತಿದ್ದಂತೆ ನಿಂತಲ್ಲೇ ನಿಲ್ಲುತ್ತಿದ್ದವು. ಎಳೆದರೆ ಬೇಲಿಗೆ ಎದೆ ಬಡಿದುಕೊಳ್ಳುತ್ತಿದ್ದವು. ವಿಯೋಲಾ ಹಗ್ಗದ ತುದಿಯಿಂದ ಮೂತಿಗೆ ಬಾರಿಸುತ್ತಿದ್ದಳು.

"ಅದಕ್ಕೆ ಮಬ್ಬಲ್ಲಿ ಕಾಣಲ್ವೇನೋ, ಹೊಡೀಬೇಡ," ಎಂದ ರೂಬೆನ್.

"ವಯಸ್ಸಾಗಿ ನಿನ್ನ ಕಣ್ಣು ಮಂಜಾಯ್ತು ಅಂತ ಕುದುರೆದೂ ಆಗತ್ತಾ? ಪುಕ್ಕಲು ಅದು, ನಿನ್ನ ಥರ. ಧೈರ್ಯ ಇದ್ರೆ ಹತ್ತಿ ನೋಡು."

ಮರಿಗಳು ಸವಾರಿಗೆ ಬರುವಷ್ಟು ಬೆಳೆದ ಮೇಲೆ, ಶರತ್ಕಾಲದ ಒಂದು ಸಂಜೆ ರೂಬೆನ್ ಹತ್ತಿದ. ಮೇಲಿನ ಹುಲ್ಲುಗಾವಲಿಂದ ಹಿಂಡು ಇಳಿಸುವಾಗ ಅವನಡಿಯ ಬಿಳಿ ಕುದುರೆ, ನೆಲವಿದೆ ಎಂದು ಹೆಜ್ಜೆಯಿಟ್ಟ ಕಡೆ ನೆಲ ಇರಲಿಲ್ಲ. ಕೊರಕಲಿನಲ್ಲಿ ಕುದುರೆಯ ಮುಂಗಾಲು ಮುರಿದಿತ್ತು, ಅದರಡಿ ಸಿಕ್ಕ ರೂಬೆನ್‌ನ ಸೊಂಟವೂ. ವಿಯೋಲಾ ಕುದುರೆಗೆ ಗುಂಡು ಹೊಡೆದು ಗಂಡನನ್ನು ಟ್ರಕ್ಕಿಗೆ ಹಾಕಿದಳು. ಅವನು ಮತ್ತೆ ಎದ್ದು ನಡೆಯಲಿಲ್ಲ.

ಮರ್ಟಲ್ ಸಾಲ್ಮನ್ ಮೀನಿನ ಸಾರು ತಂದು ಅಣ್ಣನಿಗೆ ಉಣಿಸಿ, ಅತ್ತಿಗೆಯ ಕಡೆ ತಿರುಗಿದಳು. "ಕುದುರೆ ಡಾಕ್ಟರನ್ನ ಕೇಳಿದೆ. ಆ ಚುಕ್ಕೆ ಗುಣ ಒಂದು ಪಾಲು ಬಿದ್ರೆ ಚಂದ. ಎರಡೂ ಪಾಲು ಬಿದ್ರೆ ಕತ್ತಲಲ್ಲಿ ಕುರುಡು, ಹುಟ್ಟಿನಿಂದ. ಬಿಳಿಯನಿಗೆ ಬೋಳು ಹೆಣ್ಣು ಕಟ್ಟಿದ್ರೆ ಎಲ್ಲಾ ಮರೀನೂ ಚುಕ್ಕೆ, ಒಂದೂ ಕುರುಡಿಲ್ಲ. ಎಲ್ಲಿ ನಿನ್ನ ಬೋಳು ಹೆಣ್ಣುಗಳು? ಮಾಂಸದ ಡಬ್ಬದೊಳಗಾ?"

ಮರ್ಟಲ್ ಹೋದ ಮೇಲೆ ವಿಯೋಲಾ ಮುಸ್ಸಂಜೆಯಲ್ಲಿ ಅಂಗಳಕ್ಕೆ ಖಾಲಿ ಪೀಪಾಯಿಗಳನ್ನು ಉರುಳಿಸಿ, ಬಿಳಿ ಮರಿಗಳನ್ನು ಒಂದೊಂದಾಗಿ ನಡೆಸಿದಳು. ಒಂದೊಂದೂ ಎಡವಿತು. ಅವಳೇ ಚಾಕು ತಡೆದು ಉಳಿಸಿದ ಬಿಳಿಯನೂ ಎಡವಿದ. ಆ ದಿನ ಅವಳು ಯಾವುದಕ್ಕೂ ಹೊಡೆಯಲಿಲ್ಲ.

ಇದು ಹೊರಗೆ ಬಿದ್ದರೆ ಹೆಸರು ಮಣ್ಣುಪಾಲು. ಪಕ್ಕದ ರಾಜ್ಯ ಮೊಂಟಾನಾದ ಹೆಂಗಸೊಬ್ಬಳು ಮಗಳ ಸವಾರಿಗೆ ಬಿಳಿ ಮರಿ ಬೇಕೆಂದು ಫೋನು ಮಾಡಿದಾಗ, "ಬೆಳಿಗ್ಗೆ ಬನ್ನಿ, ಬಿಸಿಲಲ್ಲಿ ಮೈ ಹೊಳೀತದೆ," ಎಂದಳು ವಿಯೋಲಾ.

ಬಂದವಳು ಮರಿಯ ಕೊರಳು ಸವರಿದಳು. "ಬೆದರೋದಿಲ್ವಾ? ನಮ್ಮ ಹುಡುಗಿ ಸಂಜೆ ಶಾಲೆ ಬಿಟ್ಟ ಮೇಲೇ ಹತ್ತೋದು."

ಮನೆಯ ಕಿಟಕಿಗೆ ಒಳಗಿನಿಂದ ಯಾರೋ ಕೋಲಿನಿಂದ ದಬದಬ ಬಡಿದರು. "ಹೇಳೇ! ಹೇಳು ಅವಳಿಗೆ!"

"ಯಾರದು?" ಎಂದಳು ಬಂದವಳು.

"ನನ್ನ ಗಂಡ. ಬಿದ್ದಾಗಿನಿಂದ ತಲೆ ಸರಿಯಿಲ್ಲ, ಪಾಪ," ಎಂದು ವಿಯೋಲಾ ಮರಿಯ ಹಗ್ಗವನ್ನು ಅವಳ ಕೈಗಿಟ್ಟಳು. "ಇದು ತುಂಬಾ ಸಾಧು."