ಸುಡಬೇಕಾಗಿದ್ದ ಪೆಟ್ಟಿಗೆ

ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೂತರೆ ಮೊಣಕಾಲುಗಳು ಎರಡು ಕಡೆಯಿಂದ ಎದ್ದು ಹೆಚ್ಚುಕಡಿಮೆ ಭುಜದ ಮಟ್ಟಕ್ಕೆ ಬರುತ್ತಿದ್ದವು. ಆರಡಿ ಮೀರಿದ ಆಳು. ಪೆಟ್ಟಿಗೆಯ ಎತ್ತರ ಒಂದೂವರೆ ಅಡಿ. ಬೆನ್ನು ಬಾಗಿಸಿ, ಉದ್ದನೆಯ ಕೈಗಳನ್ನು ಕಾಲುಗಳ ನಡುವೆ ಇಳಿಬಿಟ್ಟು ಕೂತ ಅವರನ್ನು ನೋಡಿದರೆ, ಬಾವಿಗೆ ಬಿದ್ದ ಕೊಡವನ್ನು ಬಗ್ಗಿ ಹುಡುಕುತ್ತಿದ್ದಾರೆ ಎನ್ನಬೇಕು. ಯಾರಿಗಾದರೂ ನಗು ಬರುವಂಥ ಭಂಗಿ. ಆದರೆ ನಮ್ಮ ವಠಾರದಲ್ಲಿ ಒಬ್ಬರೂ ನಗಲಿಲ್ಲ. ನಗುವಷ್ಟರಲ್ಲಿ ಅವರ ಅಂಗೈ ಪೆಟ್ಟಿಗೆಯ ಹಲಗೆಗೆ ತಗುಲಿ ತಾಳ ಶುರುವಾಗಿರುತ್ತಿತ್ತು.

ಮರ್ಫಿ ಟೌನಿನ ಆ ವಠಾರದಲ್ಲಿ ಅವರ ಮನೆ ನನ್ನ ಕೋಣೆಯ ಎದುರಿಗೇ ಇತ್ತು. ಮದುವೆ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವರು, ಎಲ್ಲರಿಗೂ ಮೇಷ್ಟ್ರು. ನಾನು ಮಿಲಿಟರಿ ಡಿಪೋ ಒಂದರಲ್ಲಿ ಗುಮಾಸ್ತನಾಗಿದ್ದೆ, ಹಾಗಾಗಿ ಅವರಿಗೆ ನಾನು ರೈಟ್ರು. ವಠಾರಕ್ಕೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವ ಘನವಾದ ಹುದ್ದೆಯೂ ನನಗಿತ್ತು. ಅದಕ್ಕೆ ಸಂಬಳವಿರಲಿಲ್ಲ, ರಜೆಯೂ ಇರಲಿಲ್ಲ. ಮೇಷ್ಟ್ರು ರೇಷನ್ ಚೀಟಿಯನ್ನು ಕೂಡ ಎರಡು ಕೈಯಲ್ಲಿ ಹಿಡಿದು ತರುತ್ತಿದ್ದರು.

ಯುದ್ಧ ಶುರುವಾಗಿ ನಮ್ಮ ಬೀದಿಯ ಕೊನೆಯ ದೊಡ್ಡ ಬಂಗಲೆ ಗಾಯಾಳು ಸಿಪಾಯಿಗಳ ಆಸ್ಪತ್ರೆಯಾಯಿತು. ಕೆಲವೇ ದಿನಗಳಲ್ಲಿ ವಠಾರದ ಗೋಡೆಗೆ ನೋಟೀಸು ಅಂಟಿಸಿದರು. ಡೋಲು, ತಮಟೆ, ನಗಾರಿ, ಬ್ಯಾಂಡಿನ ಡ್ರಮ್ಮು, ಇವನ್ನು ಈ ಬೀದಿಯಲ್ಲಿ ಬಾರಿಸಕೂಡದು. ಮೇಷ್ಟ್ರ ಡ್ರಮ್ಮನ್ನು ಠಾಣೆಯವರು ಒಯ್ದರು. ಸಾಮ್ರಾಜ್ಯಕ್ಕೆ ಒದಗಿದ್ದ ಅನೇಕ ಗಂಡಾಂತರಗಳಲ್ಲಿ ಒಂದು ಅಂದಿಗೆ ಕಡಿಮೆಯಾಯಿತು.

ನಾನು ನೋಟೀಸನ್ನು ಮೇಷ್ಟ್ರಿಗೆ ಗಂಭೀರವಾಗಿ ಓದಿ ಹೇಳಿದೆ.

"ಇನ್ನೊಂದ್ಸಲ ಓದಿ ರೈಟ್ರೇ," ಎಂದರು. ಓದಿದೆ.

"ಪೆಟ್ಟಿಗೆ ಅಂತ ಎಲ್ಲಾದ್ರೂ ಇದೆಯಾ?"

"ಇಲ್ಲವಲ್ಲ."

"ಹಾಗಾದ್ರೆ ಸರಿ."

ಮಾರನೆಯ ದಿನವೇ ಅವರು ನನ್ನ ಡಿಪೋಗೆ ಬಂದರು. ಖಾಲಿ ಪೆಟ್ಟಿಗೆಗಳ ರಾಶಿಯ ಮುಂದೆ ಕೂತು, ಒಂದೊಂದನ್ನೂ ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. "ಇದಕ್ಕೆ ನೆಗಡಿ. ಇದು ಸರ್ಕಾರಿ ನೌಕರ, ಎಷ್ಟು ತಟ್ಟಿದ್ರೂ ಮಾತಾಡಲ್ಲ." ಹೀಗೆ ನಲವತ್ತು ಪೆಟ್ಟಿಗೆಗಳನ್ನು ತಳ್ಳಿಹಾಕಿದ ಮೇಲೆ ಅವರ ಕಣ್ಣು ಮೂಲೆಯ ತಗಡಿನ ಶೆಡ್ಡಿನ ಕಡೆ ಹೋಯಿತು. ಅಲ್ಲಿದ್ದ ತೆಳು ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ತಟ್ಟಿದವರು ಎದ್ದು ನಿಂತುಬಿಟ್ಟರು. "ಇದೇ," ಎಂದರು.

ಆ ಶೆಡ್ಡಿನ ಪೆಟ್ಟಿಗೆಗಳಲ್ಲಿ ಬರುತ್ತಿದ್ದದ್ದು ಬಾಂಬಿಗೆ ತುಂಬುವ ಮದ್ದಿನ ಪುಡಿ. ಖಾಲಿಯಾದ ಮೇಲೆ ಒಂದನ್ನೂ ಹೊರಗೆ ಬಿಡಬಾರದು, ಸುಡಬೇಕು, ಸುಟ್ಟದ್ದನ್ನು ಕಣ್ಣಾರೆ ನೋಡಿ ನಾನು ಸಹಿ ಹಾಕಬೇಕು. ಯಾಕೆಂದು ಯಾರೂ ಹೇಳಿರಲಿಲ್ಲ. ಸರ್ಕಾರದ ಆಜ್ಞೆಗಳೆಲ್ಲ ಗುಮಾಸ್ತರ ಹೊಟ್ಟೆಪಾಡಿಗಾಗಿ ಹುಟ್ಟಿದವು ಎಂಬ ತತ್ತ್ವದಲ್ಲಿ ನನಗೆ ಆಗ ಅಚಲವಾದ ನಂಬಿಕೆ. ಮೇಷ್ಟ್ರ ಎದುರಿಗೇ ಸುಡಲಾಗಿದೆ ಎಂದು ಸಹಿ ಹಾಕಿ, ಪೆಟ್ಟಿಗೆಗೆ ಗೋಣಿ ಸುತ್ತಿ ಕೈಗಾಡಿಯಲ್ಲಿ ಕಳಿಸಿಬಿಟ್ಟೆ.

ಮೇಷ್ಟ್ರು ಅಂಗಳದಲ್ಲಿ ಕೂತು ಮುಂದಿನ ಹಲಗೆಯನ್ನು ಕೀಸುಳಿಯಿಂದ ಹೆರೆದು ಇನ್ನೂ ತೆಳ್ಳಗೆ ಮಾಡಿದರು. ಬೆನ್ನ ಕಡೆ ಮುಷ್ಟಿಯಷ್ಟು ತೂತು ಕೊರೆದರು. ಹಲಗೆ ಅದುರಲಿ ಎಂದು ಮೇಲಿನ ಎರಡು ಮೂಲೆಗಳ ಮೊಳೆ ಸಡಿಲ ಬಿಟ್ಟರು. ಸಂದುಗಳಿಂದ ಉದುರಿದ ಹಳದಿ ಪುಡಿ ಅವರ ಮೀಸೆಯ ಮೇಲೆಲ್ಲ ಕೂತಿತ್ತು. ಹೆರೆದ ಹೊಟ್ಟನ್ನು ಅವರ ಹೆಂಡತಿ ಒಲೆಗೆ ಹಾಕಿದರೆ ಬೆಂಕಿ ಭುಗ್ ಎಂದು ಆಳೆತ್ತರ ಎದ್ದಿತು. ಆಕೆ ಸುಟ್ಟ ಮುಂಗೂದಲನ್ನು ತಡವಿಕೊಳ್ಳುತ್ತ ಹೊರಗೆ ಬಂದರು.

"ಈ ಮರಕ್ಕೆ ಏನೋ ಸಿಟ್ಟಿದೆ ಕಣ್ರೀ. ವಾಪಸ್ ಕೊಟ್ಬಿಡಿ."

"ಸಿಟ್ಟಿರೋ ಮರಾನೇ ಕಣೇ ಮಾತಾಡೋದು."

ಮಾತಾಡಿತು. ಹಲಗೆಯ ನಡುವೆ ಅಂಗೈ ಬಿದ್ದರೆ ಹೊಟ್ಟೆಯೊಳಗೆ ಯಾರೋ ಬಾಗಿಲು ಹಾಕಿದಂತೆ ದನಿ. ಮೇಲಂಚಿಗೆ ಬೆರಳು ತಾಗಿದರೆ ಒಣಗಿದ ಸೌದೆ ಸಿಡಿದ ಹಾಗೆ. ಹಿಮ್ಮಡಿಯನ್ನು ಹಲಗೆಗೆ ಒತ್ತಿ ಜಾರಿಸಿದರೆ ದನಿಯೇ ನರಳುತ್ತ ಮೇಲಕ್ಕೇರುತ್ತಿತ್ತು. "ಇಷ್ಟು ವರ್ಷ ಡ್ರಮ್ಮನ್ನ ನಾನು ಹೊತ್ತೆ ರೈಟ್ರೇ," ಎನ್ನುತ್ತಿದ್ದರು, "ಇದು ನನ್ನನ್ನ ಹೊರುತ್ತೆ. ಬಾರಿಸಿದ್ದು ಕಿವಿಗೆ ಬರೋ ಮುಂಚೆ ಬೆನ್ನುಮೂಳೆಗೆ ಬರುತ್ತೆ." ಒಮ್ಮೆ ಇನ್ಸ್‌ಪೆಕ್ಟರೇ ಬಂದು ವಿಚಾರಿಸಿದರು. "ಕುರ್ಚಿ ಸ್ವಾಮಿ. ಕೂತಿದ್ದೀನಲ್ಲ," ಎಂದರು ಮೇಷ್ಟ್ರು. ನೋಟೀಸನ್ನು ಎರಡು ಸಲ ಓದಿದ ಇನ್ಸ್‌ಪೆಕ್ಟರು ಕುರ್ಚಿಯನ್ನು ನಿಷೇಧಿಸುವ ಅಧಿಕಾರ ತಮಗಿಲ್ಲವೆಂದು ಮನಗಂಡು ಹೊರಟುಹೋದರು.

ಒಂದೆರಡು ತಿಂಗಳಲ್ಲಿ ಮೇಷ್ಟ್ರ ಅಂಗೈ ಹಳದಿಗೆ ತಿರುಗಿತು. ತೊಳೆದರೆ ಹೋಗಲಿಲ್ಲ. ಆಮೇಲೆ ಕಣ್ಣಿನ ಬಿಳಿಯೂ ಹಳದಿಯಾಯಿತು, ಅನ್ನ ಸೇರದಾಯಿತು. ಕಾಮಾಲೆ ಎಂದು ವಠಾರ ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ನೆಲನೆಲ್ಲಿಯ ರಸ ಕುಡಿಸಿದರು, ಉಪ್ಪು ಬಿಡಿಸಿದರು, ಎಲ್ಲಿಗೂ ಹೋಗದೆ ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿದರು. ಅವರು ಬೆಳಗಿನಿಂದ ಸಂಜೆಯವರೆಗೆ ವಿಶ್ರಾಂತಿ ತೆಗೆದುಕೊಂಡದ್ದು ಆ ಪೆಟ್ಟಿಗೆಯ ಮೇಲೆಯೇ.

ಒಂದು ಭಾನುವಾರ ಮಧ್ಯಾಹ್ನ, ಆಸ್ಪತ್ರೆಯ ಸಿಪಾಯಿಯೊಬ್ಬ ತೋಳನ್ನು ಕೊರಳಿಗೆ ಕಟ್ಟಿಕೊಂಡು ಸದ್ದಿನ ಜಾಡು ಹಿಡಿದು ವಠಾರದೊಳಕ್ಕೆ ಬಂದ. ಸೈನ್ಯಕ್ಕೆ ಸೇರುವ ಮುಂಚೆ ಸರಕಿನ ಹಡಗಿನಲ್ಲಿ ದೇಶ ಸುತ್ತಿದವನಂತೆ. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಕೇಳಿದ. ಆಮೇಲೆ ಅವನು ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ನಾನು ಪದ್ಧತಿಯಂತೆ ಕನ್ನಡಕ್ಕೆ ತರುತ್ತ ಹೋದೆ. ಪೆರು ಎಂಬ ದೇಶದ ರೇವುಗಳಲ್ಲಿ ಕರಿಯ ಜನ ಹೀಗೆಯೇ ಪೆಟ್ಟಿಗೆಯ ಮೇಲೆ ಕೂತು ಬಾರಿಸುತ್ತಾರೆ. ಅವರ ಮುತ್ತಜ್ಜಂದಿರನ್ನು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದಿದ್ದರು. ಗುಲಾಮರು ನಗಾರಿ ಬಾರಿಸುವುದು ಧಣಿಗಳಿಗೆ ಸರಿಬರಲಿಲ್ಲ, ಬೇಡವೆಂದರು. ಅವರು ಹಡಗಿನಿಂದ ಇಳಿದ ಸರಕಿನ ಪೆಟ್ಟಿಗೆಗಳನ್ನೇ ಬಾರಿಸತೊಡಗಿದರು. ಅದರ ಹೆಸರು ಕಹೋನ್. ಅವರ ಭಾಷೆಯಲ್ಲಿ ಪೆಟ್ಟಿಗೆ ಎಂದೇ ಅರ್ಥ.

ಮೇಷ್ಟ್ರಿಗೆ ಪರಮಾನಂದವಾಯಿತು. "ಅಂದ್ರೆ ಅಲ್ಲೂ ಒಬ್ಬ ಇನ್ಸ್‌ಪೆಕ್ಟ್ರು ಇದ್ದ ಅನ್ನಿ."

ಸಿಪಾಯಿ ನಕ್ಕು ಕೈ ಕುಲುಕಲು ಅವರ ಕೈ ಹಿಡಿದ. ಹಿಡಿದವನು ಅಂಗೈಯನ್ನು ಮೇಲೆ ಮಾಡಿ ನೋಡಿದ. ಅವನ ಮುಖದ ನಗು ಹೋಯಿತು. ಬಗ್ಗಿ ಪೆಟ್ಟಿಗೆಯ ತೂತಿಗೆ ಮೂಗಿಟ್ಟು, ಇದು ಎಲ್ಲಿಯದು ಎಂದು ನನ್ನನ್ನು ಕೇಳಿದ. ಬಜಾರಿನದು ಎಂದೆ.

"ಮದ್ದಿನ ಕಾರ್ಖಾನೆಯಲ್ಲಿ ಇಂಥ ಕೈಗಳನ್ನು ನೋಡಿದ್ದೇನೆ," ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. "ಇದು ಕಾಮಾಲೆಯಲ್ಲ, ವಿಷ. ಈ ಪೆಟ್ಟಿಗೆಯಿಂದ ಅವರ ಮೈಗೆ ಇಳಿಯುತ್ತಿದೆ. ಇವತ್ತೇ ಸುಡಲು ಹೇಳು. ಡಾಕ್ಟರಿಗೆ ತೋರಿಸಲು ಹೇಳು."

ಮೇಷ್ಟ್ರೂ ಅವರ ಹೆಂಡತಿಯೂ ನನ್ನ ಮುಖ ನೋಡುತ್ತಿದ್ದರು. ಬರುವ ತಿಂಗಳು ಹಲಸೂರಿನಲ್ಲಿ ನನ್ನ ಮದುವೆ. ಡಾಕ್ಟರು ಕೇಳಿದರೆ ಪೆಟ್ಟಿಗೆ ಎಲ್ಲಿಂದ ಬಂತೆಂದು ಹೇಳಬೇಕು. ಹೇಳಿದರೆ ನನ್ನ ಸುಳ್ಳು ಸಹಿ, ನೌಕರಿ, ಪ್ರಾಯಶಃ ಜೈಲು.

"ಪೆಟ್ಟಿಗೆ ಹಳೇದಾಗಿದೆಯಂತೆ ಮೇಷ್ಟ್ರೇ," ಎಂದೆ. "ಸ್ವಲ್ಪ ದಿನ ಬಿಡುವು ಕೊಡ್ಬೇಕಂತೆ."

ಮೇಷ್ಟ್ರು ನನ್ನನ್ನು ಒಂದು ಗಳಿಗೆ ನೋಡಿದರು. "ಕೊಡೋಣ ಬಿಡಿ," ಎಂದರು. "ನಿಮ್ಮ ಮದುವೆ ಒಂದು ಕಳೀಲಿ."

ಹೇಳಿದೆಯಾ ಎಂದು ಸಿಪಾಯಿ ಕೇಳಿದ. ಹೇಳಿದೆ ಎಂದೆ. ಅವನನ್ನು ಮತ್ತೆ ನಾನು ನೋಡಲಿಲ್ಲ.

ಮದುವೆಯಲ್ಲಿ ಅವರು ಬಾರಿಸಿದರು. ಇಬ್ಬರು ತೋಳು ಹಿಡಿದು ಕರೆತಂದು ಪೆಟ್ಟಿಗೆಯ ಮೇಲೆ ಕೂರಿಸಬೇಕಾಯಿತು. ಕೂತ ಮೇಲೆ ಕೈಗಳು ಮಾತ್ರ ಯಾರ ಹಂಗೂ ಇಲ್ಲದೆ ನಡೆದವು. ಬೀಗರ ಕಡೆಯ ಒಬ್ಬರು, "ಮದುಮಗನಿಗಿಂತ ಅರಿಶಿನ ಇವರಿಗೇ ಜಾಸ್ತಿ ಆಗಿದೆ ನೋಡಿ," ಎಂದರು. ಎಲ್ಲರೂ ನಕ್ಕರು. ಮದುಮಗನೂ ನಕ್ಕ.

ಮೂರು ವಾರಕ್ಕೆ ಮೇಷ್ಟ್ರು ಹೋದರು. ನಮ್ಮ ಬೀದಿಯಲ್ಲಿ ವಾದ್ಯ ನಿಷಿದ್ಧವಾದ್ದರಿಂದ, ಊರಿನ ಅರ್ಧ ಮದುವೆಗಳಿಗೆ ಬಾರಿಸಿದ ಮನುಷ್ಯ ಒಂದು ಸದ್ದೂ ಇಲ್ಲದೆ ಬೀದಿ ದಾಟಿದರು.

ತಿಥಿಯೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದರು. ಪೆಟ್ಟಿಗೆ ಬಾಗಿಲ ಪಕ್ಕದಲ್ಲಿತ್ತು.

"ಅವತ್ತು ಆ ಸೋಲ್ಜರು ಏನಂದ ರೈಟ್ರೇ? ಇವ್ರನ್ನ ಎಷ್ಟು ಸಲ ಕೇಳಿದ್ರೂ, ರೈಟ್ರನ್ನೇ ಕೇಳು, ನಿಧಾನಕ್ಕೆ ಅವ್ರೇ ಹೇಳ್ತಾರೆ ಅಂದ್ಬಿಟ್ರು."

"ಅವರಿಗೇನು ಗೊತ್ತು?"

"ಗೊತ್ತಿಲ್ದೆ ಏನು? ಹನ್ನೆರಡು ವರ್ಷ ಪಲ್ಟನ್ ಬ್ಯಾಂಡಲ್ಲಿದ್ದೋರು. ಇಂಗ್ಲಿಷು ಚೆನ್ನಾಗೇ ಬರ್ತಿತ್ತು. ಓದಿರೋ ಹುಡುಗರ ಮುಂದೆ ಆಡ್ತಿರ್ಲಿಲ್ಲ ಅಷ್ಟೇ."

ನಾನು ಆ ಸಿಪಾಯಿಯ ಮಾತನ್ನು ಎರಡನೆಯ ಸಲ ಕನ್ನಡಕ್ಕೆ ತಂದೆ. ಈ ಸಲ ಒಂದನ್ನೂ ಬಿಡಲಿಲ್ಲ. ಶೆಡ್ಡು, ಸಹಿ, ನನ್ನ ಹೆದರಿಕೆ, ಎಲ್ಲ ಹೇಳಿದೆ. ಆಕೆ ಕೇಳುತ್ತಿದ್ದರು.

"ಅದಕ್ಕೇ," ಎಂದರು ಕೊನೆಗೆ. "ಆ ಹುಡುಗನ ಕೆಲ್ಸ ಹೋದ್ರೆ ಹೆಣ್ಣು ಕೊಡೋರು ಹಿಂದೆ ಸರೀತಾರೆ ಕಣೇ ಅಂತಿದ್ರು. ಯಾವ ಹುಡುಗ ಅಂತ ನಾನು ಕೇಳ್ಲೇ ಇಲ್ಲ."

ಅಂದೇ ಮಧ್ಯಾಹ್ನ ಪೆಟ್ಟಿಗೆಯನ್ನು ಆಚೆಯ ಬಯಲಿಗೆ ಒಯ್ದು ಸುಟ್ಟೆವು. ಅದು ಉರಿದು ಮುಗಿಯುವವರೆಗೂ ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು. ಹೊರಡುವಾಗ ಕೇಳಿದರು:

"ನಿಮ್ಮ ಹೆಂಡ್ತಿಗೆ ಹೇಳಿದ್ದೀರಾ?"

"ಇಲ್ಲ."

"ಹೇಳಿ. ಅವ್ಳಿಗೂ ಗೊತ್ತಿರ್ಲಿ, ಅವ್ಳ ಮದುವೆ ಯಾರು ಮಾಡಿಸಿದ್ದು ಅಂತ."

ಹೇಳಿದೆ. ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.