ಬಾಗಿಲಕ್ಕ ಹಡಗು ಸುತ್ತಿದ ಬೆಳಗ್ಗೆ

ಬಾಗಿಲಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಹಳೇ ಹಡಗಿನ ಸಾಮಾನು ಮಾರುವ ಆ ಬೀದಿಯಲ್ಲಿ ಯಾರು ಏನು ಮಾರುತ್ತಾರೋ ಅದೇ ಅವರ ಹೆಸರು. ಅವಳು ಬಾಗಿಲು ಮಾರುತ್ತಿದ್ದಳು, ಬಾಗಿಲಕ್ಕ ಆದಳು. ಎದುರಂಗಡಿಯ ಹಿರಿಯರು ಸೋಫಾ ಮಾರುತ್ತಿದ್ದರು, ಸೋಫಾ ಮಾವ ಆದರು. ಬೀದಿಯ ತುದಿಯಲ್ಲಿ ಕಮೋಡು ಮಾರುವ ಒಬ್ಬ ಸಭ್ಯ ಮನುಷ್ಯನಿದ್ದ, ಅವನ ಪಾಡು ಕೇಳಲೇಬೇಡಿ.

ವಯಸ್ಸಾದ ಹಡಗುಗಳು ಕೊನೆಗಾಲಕ್ಕೆ ಬಂದು ಸೇರುತ್ತಿದ್ದ ದಡ ಅದು. ಕಡಲು ಉಕ್ಕಿದಾಗ ಜೋರಾಗಿ ನುಗ್ಗಿ ಬಂದು ಕೆಸರಿನಲ್ಲಿ ಮೂತಿ ಹುಗಿದು ನಿಂತರೆ ಹಡಗಿನ ಕಥೆ ಮುಗಿಯಿತು. ಆಮೇಲೆ ಗ್ಯಾಸ್ ಕಟರ್ ಹಿಡಿದವರು ಹತ್ತಿ ತುಂಡು ತುಂಡು ಮಾಡುತ್ತಿದ್ದರು. ಅದಕ್ಕೂ ಮುಂಚೆ ಒಂದು ಬೆಳಗ್ಗೆ ಬೀದಿಯ ವ್ಯಾಪಾರಿಗಳಿಗೆ ಮೀಸಲು. ಎಲ್ಲರೂ ಸೀಮೆಸುಣ್ಣ ಹಿಡಿದು ಒಳಗೆ ಹೋಗಬೇಕು, ಬೇಕಾದ ಸಾಮಾನಿನ ಮೇಲೆ ತಮ್ಮ ಗುರುತು ಹಾಕಬೇಕು. ಒಬ್ಬರ ಗುರುತು ಬಿದ್ದ ಸಾಮಾನಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಈ ಕಟ್ಟಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಸೋಫಾ ಮಾವನದು ದೊಡ್ಡ ಸೊನ್ನೆ. ಬಾಗಿಲಕ್ಕನದು ಒಂದು ಚೌಕ, ಒಳಗೊಂದು ಚುಕ್ಕಿ. ಬಾಗಿಲು ಮತ್ತು ಅದರ ಹಿಡಿ ಅಂದುಕೊಳ್ಳಿ.

ಅವಳ ವ್ಯಾಪಾರಕ್ಕೆ ಒಂದೇ ಒಂದು ಶತ್ರು ಇತ್ತು, ಅವಳ ಕುತೂಹಲ. ಕಂಡದ್ದಕ್ಕೆಲ್ಲ "ಇದು ಯಾತಕ್ಕೆ?" ಎನ್ನುವವಳು. ಬಾಗಿಲು ಕೊಳ್ಳಲು ಬಂದವರನ್ನು "ಯಾವ ಕೋಣೆಗೆ? ಅಲ್ಲಿ ಯಾರು ಮಲಗ್ತಾರೆ? ಒಳಗಿಂದ ಚಿಲಕ ಯಾಕೆ ಬೇಕು?" ಎಂದು ಕೇಳಿ ಕೇಳಿ ಓಡಿಸಿದ್ದೂ ಉಂಟು.

ಗಂಡ ಹುಟ್ಟಿನಿಂದ ಕ್ಷೌರದ ಕಸುಬಿನವನು. ಹಿಂದಿದ್ದ ಊರಿನಲ್ಲಿ ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿದಾಗ ಇಲ್ಲಿಗೆ ಬಂದು ಕಟರ್ ಹಿಡಿದ. ಕಬ್ಬಿಣ ಸುಟ್ಟ ಹೊಗೆ, ಬಣ್ಣ ಸುಟ್ಟ ಹೊಗೆ, ಎಲ್ಲ ಅವನ ಎದೆಗೆ. ಕಳೆದ ಮಳೆಗಾಲದಲ್ಲಿ ಹಿಡಿದ ಕೆಮ್ಮು ಬಿಡಲೇ ಇಲ್ಲ. ಮಾತಿನ ನಡುವೆ ಕೆಮ್ಮು, ಊಟದ ನಡುವೆ ಕೆಮ್ಮು. ಬಾಗಿಲಕ್ಕನಿಗೆ ಭಯವಾಗುತ್ತಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಗಂಡ ಸತ್ತುಹೋಗುತ್ತಾನೆ ಎಂದೇ ಭಯವಾಗುತ್ತಿತ್ತು.

"ರೀ, ಆ ಹಾಳು ಕೆಲಸ ಬಿಡಿ. ನನ್ನ ಅಂಗಡೀಲೇ ಅರ್ಧ ಜಾಗ ಕೊಡ್ತೀನಿ, ಸಲೂನ್ ಹಾಕಿ" ಎಂದರೆ ಅವನದು ಒಂದೇ ಉತ್ತರ.

"ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ಗಡ್ಡ ಹೆರೆದ್ರೆ ಒಬ್ಬನೂ ಎರಡನೇ ಸಲ ಬರಲ್ಲ ಕಣೇ. ಹಿಂದಕ್ಕೆ ವಾಲೋ ಕುರ್ಚಿ ಬೇಕು. ತಲೆಗೆ ದಿಂಬು, ಕಾಲಿಗೆ ಆಸರೆ ಇರಬೇಕು. ಅಂಥದ್ದು ಸಿಕ್ಕಿದ ದಿನ ಕಟರ್ ಕೆಳಗಿಡ್ತೀನಿ."

"ಆಣೆ?"

"ನಿನ್ನಾಣೆ."

ಅಂಥ ಕುರ್ಚಿ ಹೊಸದಾಗಿ ಕೊಳ್ಳುವುದು ಅವರ ಕೈಲಾಗದ ಮಾತು. ಆ ದಡಕ್ಕೆ ಬರುತ್ತಿದ್ದವೆಲ್ಲ ಎಣ್ಣೆ ಹೊರುವ, ಅದಿರು ಹೊರುವ ಒರಟು ಹಡಗುಗಳು. ಅವುಗಳಲ್ಲಿ ಸಲೂನ್ ಎಲ್ಲಿಂದ ಬರಬೇಕು? ಅಪರೂಪಕ್ಕೊಮ್ಮೆ ಪ್ರಯಾಣಿಕರ ಹಡಗು ಬಂದಿತ್ತು, ಕುರ್ಚಿಗಳೂ ಇದ್ದವು. ಬಾಗಿಲಕ್ಕ ಅವತ್ತು ಮಾಡಿದ್ದೇನು? ದಾರಿಯಲ್ಲಿ ಪಿಯಾನೋ ಕಂಡು, ಒಂದೊಂದೇ ಬಿಳಿ ಕಪ್ಪು ಮನೆ ಒತ್ತುತ್ತ, ಯಾವುದರ ದನಿ ಹೇಗೆ ಎಂದು ನೋಡುತ್ತ ನಿಂತಳು. ಅವಳು ತಲುಪುವಷ್ಟರಲ್ಲಿ ಕುರ್ಚಿಗಳ ಬೆನ್ನ ಮೇಲೆ ಸೋಫಾ ಮಾವನ ಸೊನ್ನೆ ಬಿದ್ದಿತ್ತು. ಗಂಡ ನಕ್ಕುಬಿಟ್ಟ. ಅವಳು ಬಚ್ಚಲಿಗೆ ಹೋಗಿ ಅತ್ತಳು.

ಈಗ ಇನ್ನೊಂದು ಬಂದಿತ್ತು. ಮೈಯೆಲ್ಲ ಬಿಳಿ, ಅಂತಸ್ತಿನ ಮೇಲೆ ಅಂತಸ್ತು, ಎಲ್ಲಿ ನೋಡಿದರೂ ಕಿಟಕಿ. ಭಾರೀ ಸಿರಿವಂತರು ಮೋಜಿಗೆಂದೇ ಊರೂರು ತಿರುಗುತ್ತಿದ್ದ ಹಡಗಂತೆ. ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಸಲೂನ್ ಕುರ್ಚಿ ಈ ಸಲಾನೂ ನಂದೇ. ಪೇಟೆ ಹೋಟೆಲಿನವರು ಆಗಲೇ ಕೇಳಿಟ್ಟಿದ್ದಾರೆ" ಎಂದರು ಸೋಫಾ ಮಾವ ಎಲ್ಲರೆದುರು. ಆಮೇಲೆ ಬಾಗಿಲಕ್ಕನ ಕಡೆ ತಿರುಗಿ, "ನೀನು ಇನ್ನೊಂದು ಪಿಯಾನೋ ಹುಡುಕ್ಕೊಂಡು ಕುಟ್ತಾ ಕೂತಿರಮ್ಮ" ಎಂದರು.

"ನೀವು ದಾರೀಲಿ ಮಲಗಿಬಿಡದಿದ್ರೆ ಸಾಕು ಮಾವ" ಎಂದಳು ಅವಳು. ಅಂಗಡಿ ಪೂರಾ ನಕ್ಕಿತು.

ನಗದೆ ಏನು? ಮಧ್ಯಾಹ್ನ ಊಟವಾದ ಮೇಲೆ ಮಾವ ತಮ್ಮದೇ ಸೋಫಾದ ಮೇಲೆ ಒರಗಿದರೆಂದರೆ ಗೊರಕೆ ಬೀದಿಯ ಎರಡೂ ತುದಿಗೆ ಕೇಳುತ್ತಿತ್ತು. ಎದುರಿಗೆ ಬಾಗಿಲಕ್ಕನ ಅಂಗಡಿಯಲ್ಲಿ ಚಿಲಕಗಳು ಅಲುಗಾಡುತ್ತಿದ್ದವು. ಹೊಸ ಗಿರಾಕಿಗಳಿಗೆ ಅಂಗಡಿಯ ದಾರಿ ಹೇಳುವವರು "ಆ ಸದ್ದು ಬರೋ ಕಡೆ ಹೋಗಿ" ಎನ್ನುತ್ತಿದ್ದರು. ಮಾವ ನಗುವಿಗೆ ಸೊಪ್ಪು ಹಾಕುವವರಲ್ಲ. ಅಷ್ಟರಲ್ಲಿ ಅಲ್ಲೇ ಟೀ ಕುಡಿಯುತ್ತಿದ್ದ ಅವಳ ಗಂಡನಿಗೆ ಕೆಮ್ಮು ಒತ್ತರಿಸಿ ಬಂದು, ಮೇಜು ಹಿಡಿದು ಬಾಗಿಬಿಟ್ಟ. ನಗು ನಿಂತಿತು. ಮಾವ ತಮ್ಮ ನೀರಿನ ಲೋಟವನ್ನು ಅವನ ಕಡೆ ತಳ್ಳಿ ಎದ್ದುಹೋದರು.

ಮಾರನೆಯ ಬೆಳಗ್ಗೆ ನೀರು ಇಳಿದಿತ್ತು. ಎಲ್ಲರೂ ಕೆಸರು ತುಳಿದುಕೊಂಡು ಹೋಗಿ ಕಬ್ಬಿಣದ ಏಣಿಯ ಕೆಳಗೆ ಸಾಲು ನಿಂತರು.

"ನೀರು ಏರೋಕೆ ಮುಂಚೆ ಸೀಟಿ ಊದ್ತೀನಿ. ಆಮೇಲೆ ಒಬ್ಬರೂ ಒಳಗಿರಬಾರದು" ಎಂದ ಮೇಸ್ತ್ರಿ.

"ಸಲೂನ್ ಯಾವ ಅಂತಸ್ತಲ್ಲಿದೆ ಮೇಸ್ತ್ರಿ?" ಬಾಗಿಲಕ್ಕ ಮೆಲ್ಲಗೆ ಕೇಳಿದಳು.

"ನಾನೇನು ಇದರಲ್ಲಿ ಹೆಂಡತಿ ಕರ್ಕೊಂಡು ಟೂರ್ ಹೋಗಿದ್ನಾ?"

ಹತ್ತುವಾಗಲೇ ಅವಳು ತನಗೆ ತಾನೇ ಆಣೆ ಹಾಕಿಕೊಂಡಳು. ಇವತ್ತು ಆ ಕಡೆ ಈ ಕಡೆ ನೋಡುವುದಿಲ್ಲ, ಕುರ್ಚಿ, ಕುರ್ಚಿ, ಕುರ್ಚಿ. ಈ ಆಣೆ ಏಣಿ ಮುಗಿಯುವ ತನಕ ಚೆನ್ನಾಗಿ ನಡೆಯಿತು.

ಏಕೆಂದರೆ ಒಳಗೆ ಕಾಲಿಟ್ಟರೆ ಒಂದು ಬೀದಿ! ಹಡಗಿನ ಹೊಟ್ಟೆಯೊಳಗೆ ಕಲ್ಲು ಹಾಸಿದ ಬೀದಿ, ಎರಡೂ ಕಡೆ ಗಾಜಿನ ಅಂಗಡಿ, ನಡುವೆ ದೀಪದ ಕಂಬ, ಕೂರಲು ಬೆಂಚು. ಹಣೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ಒಂದೊಂದು ಸೋಜಿಗ. 'ಅಲ್ಲ, ಊರು ಬಿಟ್ಟು ಕಡಲಿಗೆ ಬಂದವರಿಗೆ ಮತ್ತೆ ಬೀದಿ ಯಾಕೆ ಬೇಕಿತ್ತು?' ಎಂದುಕೊಂಡು ಬೆಂಚಿನ ಮೇಲೆ ಒಂದು ಗಳಿಗೆ ಕೂತೇಬಿಟ್ಟಳು. ಕೂತ ಮೇಲೆ ತಿಳಿಯಿತು, ಎಲ್ಲಿಗೂ ಹೋಗುವ ಅವಸರವಿಲ್ಲದವರು ಕೂರಲು ಮಾಡಿದ ಬೆಂಚು ಅದು. ತನಗೆ ಅವಸರವಿದೆ ಎಂದು ನೆನಪಾಗಿ ದಡಕ್ಕನೆ ಎದ್ದಳು.

ಗೋಡೆಗಳ ಮೇಲೆ ಬಾಣದ ಗುರುತು, ಪಕ್ಕದಲ್ಲಿ ಅಕ್ಷರ. ಅವಳಿಗೆ ಓದಲು ಬರುತ್ತಿತ್ತು, ಆದರೆ ಇದು ಹಡಗಿನವರ ಭಾಷೆ. ಒಂದು ಬಾಣ ಹಿಡಿದು ಹೋದಳು, ನಾಟಕದ ಮನೆ ಸಿಕ್ಕಿತು. ಕೆಂಪು ಸೀಟುಗಳ ಸಾಲು ಸಾಲು, ರಂಗದ ನಡುವೆ ನೆಲದಲ್ಲಿ ದೊಡ್ಡದೊಂದು ದುಂಡು ಗೆರೆ. ಕಾಲಿನಿಂದ ಒದ್ದಳು. ನೆಲ ಗುಂಡಗೆ ತಿರುಗಿತು! ಇನ್ನೊಂದು ಸಲ ಒದ್ದು, ತಾನೂ ಹತ್ತಿ ಒಂದು ಸುತ್ತು ಬಂದಳು. ಇಳಿದವಳೇ ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಇನ್ನೊಂದು ಬಾಣ. ಪುಸ್ತಕದ ಕೋಣೆ; ಅಲೆಗೆ ಪುಸ್ತಕ ಉದುರದಂತೆ ಪ್ರತಿ ಸಾಲಿಗೂ ಹಿತ್ತಾಳೆಯ ಅಡ್ಡ ಸರಳು. ಮತ್ತೊಂದು. ಮಕ್ಕಳ ಕೋಣೆ, ಮೊಣಕಾಲೆತ್ತರದ ಕೈತೊಳೆಯುವ ತೊಟ್ಟಿ, ಅದಕ್ಕಿಂತ ಪುಟ್ಟ ಕಮೋಡುಗಳು. ತುದಿಯಂಗಡಿಯವನು ಆಗಲೇ ಬಂದು ಎಲ್ಲಕ್ಕೂ ತನ್ನ ಗುರುತು ಹಾಕಿಯಾಗಿತ್ತು, ಪುಣ್ಯಾತ್ಮ. ಆಮೇಲೆ ಹಸಿರು ಬಟ್ಟೆ ಹೊದ್ದ ಜೂಜಿನ ಮೇಜುಗಳು. ಆಮೇಲೆ ಬರೀ ಮರದ ಒಂದು ಬಿಸಿ ಆವಿಯ ಕೋಣೆ. ಸುಮ್ಮನೆ ಕೂತು ಬೆವರುವುದಕ್ಕೆ ದುಡ್ಡು ಕೊಡುತ್ತಿದ್ದರಂತೆ! ದಡದಲ್ಲಿ ಬಿಸಿಲಿಗೆ ಕಬ್ಬಿಣ ಹೊರುವವರು ಇದನ್ನು ಕೇಳಿದರೆ ಏನಂದಾರು ಎಂದು ಅವಳಿಗೆ ನಗು ಬಂತು. ಕೆಲವು ಕೋಣೆಗಳ ಕಿಟಕಿ ತೆರೆದರೆ ಕಡಲು ಕಾಣುತ್ತಿರಲಿಲ್ಲ, ಒಳಗಿನ ಆ ಬೀದಿಯೇ ಕಾಣುತ್ತಿತ್ತು. ಅದನ್ನು ಅವಳು ತೆರೆದು ನೋಡಿದಳು, ಮುಚ್ಚಿದಳು, ನಂಬಿಕೆ ಬಾರದೆ ಮತ್ತೆ ತೆರೆದಳು.

ಹೋದಲ್ಲೆಲ್ಲ ಸೋಫಾಗಳ ಮೇಲೆ ದೊಡ್ಡ ಸೊನ್ನೆ. ಮಾವ ಅವಳಿಗಿಂತ ಮುಂದಿದ್ದರು. ಅವಳ ಬಾಗಿಲುಗಳಿಗೆ ಅವಳಿನ್ನೂ ಒಂದು ಚೌಕವನ್ನೂ ಹಾಕಿರಲಿಲ್ಲ. 'ಥೂ ನನ್ನ ಕಣ್ಣಿಗಿಷ್ಟು! ಈ ಸಲಾನೂ ಹೋಯ್ತು' ಎಂದು ಮೆಟ್ಟಿಲ ಮೇಲೆ ಕುಸಿದಳು. ಗಂಡ ಇನ್ನೂ ಎಷ್ಟು ಹಡಗು ಕತ್ತರಿಸಬೇಕು? ಎಷ್ಟು ಕತ್ತರಿಸಿಯಾನು?

ಗಂಡನ ನೆನಪಾದದ್ದೇ ಒಳ್ಳೆಯದಾಯಿತು. ಅವನ ಹಳೆಯ ಮಾತೊಂದು ಕಿವಿಯಲ್ಲಿ ಬಂತು: 'ಕತ್ತಿ ಹಿಡಿಯೋನಿಗೆ ಹಗಲು ಬೆಳಕು ಬೇಕು ಕಣೇ, ದೀಪದ ಬೆಳಕು ಮೋಸ ಮಾಡುತ್ತೆ.' ಹಾಗಾದರೆ ಸಲೂನ್ ಈ ಕತ್ತಲ ಹೊಟ್ಟೆಯಲ್ಲಿ ಯಾಕಿರುತ್ತದೆ? ಬೆಳಕು ಎಲ್ಲಿ ಹೆಚ್ಚೋ ಅಲ್ಲಿರಬೇಕು. ಅವಳು ಬಾಣಗಳನ್ನು ಅವುಗಳ ಪಾಡಿಗೆ ಬಿಟ್ಟು ಮೇಲಕ್ಕೆ ಓಡಿದಳು. ಉಸಿರು ಕಟ್ಟಿತು, ಸೆರಗು ಎಲ್ಲೋ ಸಿಕ್ಕಿ ಹರಿಯಿತು, ನಿಲ್ಲಲಿಲ್ಲ. ತುತ್ತತುದಿಯಲ್ಲಿ ಬಿಸಿಲು ಮುಖಕ್ಕೆ ಬಡಿಯಿತು. ಈಜುವ ಕೊಳ, ತಳದಲ್ಲಿ ಪಾಚಿ ನೀರು, ಅಂಚಿನಲ್ಲಿ ಒಂದು ಕಡಲಹಕ್ಕಿ ಯಜಮಾನನ ಹಾಗೆ ನಿಂತಿತ್ತು. ಸುರುಳಿ ಸುರುಳಿ ಜಾರುಬಂಡಿಯೊಂದು ಕೊಳಕ್ಕೆ ಇಳಿದಿತ್ತು. ನಿಜ ಹೇಳಬೇಕೆಂದರೆ ಅದರ ಮೆಟ್ಟಿಲಿಗೆ ಅವಳ ಒಂದು ಕಾಲು ಹೋಗಿತ್ತು. ಹಿಂದಕ್ಕೆ ಎಳೆದುಕೊಂಡಳು.

ಕೊಳದಾಚೆ ಗಾಜಿನ ಗೋಡೆಯ ಕೋಣೆ. ಸಾಲುಗನ್ನಡಿ. ಕನ್ನಡಿಗಳ ಮುಂದೆ ಮೂರು ಕುರ್ಚಿ. ಕಪ್ಪು ಚರ್ಮ, ತಲೆಗೆ ದಿಂಬು, ಕಾಲಿಗೆ ಆಸರೆ, ಗಂಡ ಬಾಯಲ್ಲಿ ಬಣ್ಣಿಸಿದ್ದು ಎದುರಿಗೆ ಬಂದು ನಿಂತಿತ್ತು. ಮತ್ತು ನಡುವಿನ ಕುರ್ಚಿಯಲ್ಲಿ, ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ಬೆರಳ ನಡುವೆ ಸೀಮೆಸುಣ್ಣ ಹಿಡಿದು, ಸೋಫಾ ಮಾವ.

ಅವಳ ಜೀವ ಹಾರಿಹೋಯಿತು. ಆಮೇಲೆ ನೋಡುತ್ತಾಳೆ, ಒಂದು ಕುರ್ಚಿಯ ಮೇಲೂ ಸೊನ್ನೆ ಇಲ್ಲ. ಮೆತ್ತಗಿದೆಯೋ ಇಲ್ಲವೋ ನೋಡೋಣವೆಂದು ಕೂತವರು ಹಾಗೇ ಮಲಗಿಬಿಟ್ಟಿದ್ದಾರೆ!

ಎಬ್ಬಿಸಬೇಕೇ? ಹಿರಿಯರು, ಪಾಪ. ಒಂದು ಗಳಿಗೆ ಅನ್ನಿಸಿತು. ಆಮೇಲೆ ಗಂಡನ ಕೆಮ್ಮು ನೆನಪಾಯಿತು, ಪಾಪ ಪುಣ್ಯ ಎಲ್ಲ ಕೊಳಕ್ಕೆ ಬಿತ್ತು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಚರ್ಮದ ಮೇಲೆ ಸೀಮೆಸುಣ್ಣ ಗೀಚುವ ಸದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಆ ಕಡೆಯದಕ್ಕೊಂದು ಚೌಕ, ಚುಕ್ಕಿ. ಈ ಕಡೆಯದಕ್ಕೊಂದು ಚೌಕ, ಚುಕ್ಕಿ. ನಡುವಿನದಕ್ಕೆ ಕೈಯಾಸರೆಯ ಮೇಲೆ ಚೌಕ ಎಳೆಯುವಾಗ ಸೀಮೆಸುಣ್ಣ ಜಾರಿ ಚುಕ್ಕಿ ಮಾವನ ತೋಳಿನ ಮೇಲೆ ಬಿತ್ತು.

ಕೆಳಗೆ ಮೇಸ್ತ್ರಿಯ ಸೀಟಿ ಕೂಗಿತು. ಮಾವ ಕಣ್ಣು ಬಿಟ್ಟರು.

"ಅಯ್ಯೋ! ಕಣ್ಣು ಹತ್ತಿಬಿಡ್ತಲ್ಲ!" ಆ ಕಡೆ ನೋಡಿದರು, ಈ ಕಡೆ ನೋಡಿದರು, ತೋಳು ನೋಡಿಕೊಂಡರು. "ಏನಮ್ಮ, ನನ್ನನ್ನೂ ಕೊಂಡ್ಕೊಂಡ್ಯಾ?"

"ಕುರ್ಚಿ ಜೊತೆ ಪುಕ್ಕಟೆ ಬಂದ್ರಿ ಮಾವ" ಎಂದು ಅವಳು ನಕ್ಕಳು. ನಗುತ್ತ ನಗುತ್ತ ಅಳುವೂ ಬಂತು, ಮುಖ ತಿರುಗಿಸಿಕೊಂಡಳು. ಮಾವ ಏಣಿ ಇಳಿಯುವ ತನಕ ಗೊಣಗಿದರು. ಬೀದಿಯವರು ಬಿಡುತ್ತಾರೆಯೇ? ತಿಂಗಳುಗಟ್ಟಲೆ "ಮಾವ, ನಿದ್ದೆ ಆಯ್ತಾ?" ಎಂದು ಆಡಿಕೊಂಡರು. ಹೋಟೆಲಿನವರು ಬಂದು ಬರಿಗೈಲಿ ಹೋದರು. ಮಾವ ಎಲ್ಲವನ್ನೂ ನುಂಗಿಕೊಂಡರು.

ಗಂಡ ಮಾತಿಗೆ ತಪ್ಪಲಿಲ್ಲ. ಅದೇ ವಾರ ಕಟರ್ ಮೇಸ್ತ್ರಿಯ ಕೈಗೆ ಕೊಟ್ಟು ಬಂದ. ಬಾಗಿಲಕ್ಕ ಅಂಗಡಿಯ ಅರ್ಧ ಜಾಗ ಖಾಲಿ ಮಾಡಿ, ತನ್ನಲ್ಲಿದ್ದ ಒಳ್ಳೆಯ ಬಾಗಿಲು ಕೂರಿಸಿ, ಕುರ್ಚಿಗಳನ್ನು ಬೆಳಕಿಗೆ ಮುಖ ಮಾಡಿ ಹಾಕಿಸಿದಳು. ಮೊದಲ ಗಿರಾಕಿಯಾಗಿ, ಯಾರೂ ಕರೆಯದೆ, ಸೋಫಾ ಮಾವನೇ ಬಂದರು.

"ನನ್ನ ಕೈ ತಪ್ಪಿದ ಕುರ್ಚಿ ಹೇಗಿದೆ ನೋಡೋಣ" ಎಂದು ನಡುವಿನದರಲ್ಲಿ ಕೂತರು.

ಗಂಡ ನೊರೆ ಹಚ್ಚಿದ. ಬಹಳ ದಿನದ ಮೇಲೆ ಕತ್ತಿ ಹಿಡಿದ ಕೈ ಮೊದಲು ಸ್ವಲ್ಪ ಅಳುಕಿತು, ಆಮೇಲೆ ತನ್ನ ದಾರಿ ತಾನೇ ಕಂಡುಕೊಂಡಿತು. ಕುರ್ಚಿ ಹಿಂದಕ್ಕೆ ವಾಲಿತು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಗೊರಕೆ ಶುರುವಾಯಿತು. ಅದೇನು ಗೊರಕೆ! ಹಲಗೆಯ ಮೇಲಿನ ಬಾಟಲಿಗಳು ಕಟಕಟ ಎಂದವು, ಗೋಡೆಗೆ ಒರಗಿಸಿದ್ದ ಬಾಗಿಲುಗಳ ಚಿಲಕ ಕುಣಿಯಿತು. ಗಂಡ ಕತ್ತಿ ದೂರ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ನಕ್ಕರೂ ಒಂದೇ ಒಂದು ಸಲ ಕೆಮ್ಮಿದ.

"ಅವತ್ತು ಹಡಗಲ್ಲೂ ಹೀಗೇನಾ ಇವರು?" ಎಂದು ಕೇಳಿದ.

ಬಾಗಿಲಕ್ಕ ಹೌದು ಎನ್ನಲು ಬಾಯಿ ತೆರೆದಳು. ಆಗ ಹೊಳೆಯಿತು. ಅವತ್ತು ಆ ಕೋಣೆಯಲ್ಲಿ ಸೀಮೆಸುಣ್ಣದ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಗೊರಕೆ ಹೊಡೆಯದೆ ಮಲಗುವುದು ಈ ಮನುಷ್ಯನಿಂದ ಆಗದ ಕೆಲಸ.

ಅವಳು ಬಾಗಿಲ ಹತ್ತಿರ ಹೋಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಷೌರ ಮುಗಿಯಿತು. ಮಾವ ಎದ್ದು ಕನ್ನಡಿಯಲ್ಲಿ ಕೆನ್ನೆ ಸವರಿಕೊಂಡು, ಅದೇ ಕನ್ನಡಿಯಲ್ಲಿ ಅವಳನ್ನು ನೋಡಿದರು.

"ಏನಮ್ಮ, ಹಾಗೆ ನೋಡ್ತೀಯ? ಏನೋ ಕೇಳೋ ಹಾಗಿದೆ?"

ಕಂಡದ್ದಕ್ಕೆಲ್ಲ ಯಾತಕ್ಕೆ ಎಂದು ಕೇಳುವ ಬಾಗಿಲಕ್ಕ ಹತ್ತಿರ ಬಂದು ಅವರ ತೋಳಿನ ಮೇಲೆ ಸಿಡಿದಿದ್ದ ನೊರೆ ಒರೆಸಿದಳು.

"ಏನಿಲ್ಲ ಮಾವ" ಎಂದಳು. "ಟೀ ತರಿಸಲಾ?"