ಇಸ್ತ್ರಿ ಬಟ್ಟೆಗೆ ಚಿಮುಕಿಸಿದ ನೀರು

ಪುರಸಭೆಯವರು ನಮ್ಮ ಮಡಿವಾಳರಿಗೆ ಬಟ್ಟೆ ಒಗೆಯೋ ಕಟ್ಟೆ ಕೊಡ್ತೀವಿ ಅಂದ್ರು, ಕೊಡಲಿಲ್ಲ. ನಲ್ಲಿ ಹಾಕಿಸ್ತೀವಿ ಅಂದ್ರು, ಹಾಕಿಸಲಿಲ್ಲ. ಇಸ್ತ್ರಿ ಮಾಡೋಕೆ ಸೂರು ಅಂದ್ರು, ಅದೂ ಇಲ್ಲ.

ಇವತ್ತು ನನ್ನ ಗಂಡ ವ್ಯಾಪಾರದ ಕೆಲಸಕ್ಕೆ ಎರಡು ದಿನ ಹುಬ್ಬಳ್ಳಿಗೆ ಹೊರಟಿದ್ದ. ಅವನ ಶರ್ಟಿಗೆ ಇಸ್ತ್ರಿ ತಾಗಿ ಗಂಜಿ ವಾಸನೆ ಎದ್ದಾಗ ಅಪ್ಪ ನೆನಪಾದ.

ಬೀರೂರಿನ ಕೊಬ್ಬರಿ ಸಾಹುಕಾರ ಬೊಂಬಾಯಿಗೆ ಹೊರಟರೆ ಒಗೆದು, ಇಸ್ತ್ರಿ ಮಾಡಿ, ಟ್ರಂಕಿಗೆ ಜೋಡಿಸೋದೂ ಅಪ್ಪನೇ. ನಾಲ್ಕು ಶರ್ಟು, ಎರಡು ಪಂಚೆ, ಒಂದು ಕೋಟು. ಒಂದು ಸುಕ್ಕೂ ಇರ್ತಿರಲಿಲ್ಲ. ಆಮೇಲೆ ಸಾಹುಕಾರನ ತಾಯಿ ಬಂದು, ಅಗಸನ ಕೈ ಮೈಲಿಗೆ ಕಳೀಲಿ ಅಂತ, ಮಡಿಸಿಟ್ಟ ಬಟ್ಟೆ ಮೇಲೇ ತಂಬಿಗೆ ನೀರು ಚಿಮುಕಿಸಿ ಮುಚ್ಚಳ ಹಾಕೋಳು.

ಒಂದು ಸಲ ನೀರು ಹೆಚ್ಚಾಯ್ತು. ವಾಪಸ್ ಬಂದ ಸಾಹುಕಾರ, ಮುದುಡಿ ಕಮಟು ಹಿಡಿದ ಶರ್ಟನ್ನು ಅಪ್ಪನ ಮುಖಕ್ಕೆ ಎಸೆದ. "ಲೇ, ಸೇಟುಗಳ ಮುಂದೆ ಭಿಕ್ಷುಕನ ಥರ ನಿಂತಿದ್ದೆ ಕಣೋ!"

"ಅಜ್ಜಿ ನೀರು ಹಾಕಿದ್ರಲ್ಲ" ಅಂದೆ, ಅಪ್ಪನ ಪಕ್ಕ ನಿಂತಿದ್ದ ನಾನು.

ಅಪ್ಪ ನನ್ನ ಕೆನ್ನೆಗೆ ಬಾರಿಸಿದ. "ತಪ್ಪಾಯ್ತು ಬುದ್ಧಿ, ಹೆಣ್ಣುಮಗು, ತಿಳೀದು" ಅಂತ ಕೈ ಮುಗಿದ.

ಬಾಗಿಲಲ್ಲಿ ನಿಂತಿದ್ದ ಆ ಮುದುಕಿ, "ಇನ್ನೊಂದು ಏಟು ಹಾಕೋ" ಅಂದಳು.

ಅಪ್ಪ ಹಾಕಿದ.

ಕೈ ಮುಗಿದದ್ದು ಸಾಕು. ಕಟ್ಟೆ ಕೇಳೋಕೆ ಎಲ್ಲರೂ ಬನ್ನಿ. ಸಭೆ ಬೀರೂರು ಕೆರೆ ಏರಿ ಮೇಲೆ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.